ಡೈಲಾಗ್ ಕಟ್ ಆಯ್ತು, ಮಾಮನ ಮಾತು ಕಟ್ ಆಗ್ಲಿಲ್ಲ

ಭಾಗ 1

ಮೊದಲೇ ಹೇಳ್ಬಿಡ್ತೀನಿ, ಸ್ಪಾಯ್ಲರ್ ಇದೆ. ‘ಲೋಕಾ ಚಾಪ್ಟರ್ 1: ಚಂದ್ರ’ ಇನ್ನೂ ನೋಡಿಲ್ಲ ಅನ್ನೋರು ಈ ಪೋಸ್ಟ್ ಸೇವ್ ಮಾಡಿಟ್ಟು, ಸಿನಿಮಾ ನೋಡ್ಕೊಂಡು ಬನ್ನಿ. ನಾನು ನೋಡೋದೇ ಇಲ್ಲ ಅಂತ ಶಪಥ ಮಾಡಿರೋರು ಮಾತ್ರ ಎಲ್ಲೂ ಹೋಗ್ಬೇಡಿ. ನನಗೆ ಮಾತಾಡೋದು ಇರೋದೇ ನಿಮ್ಮ ಜೊತೆ.

ಆಗಸ್ಟ್ 28ಕ್ಕೆ ಬಂದ ಸಿನಿಮಾ. ನಾನು ನೋಡಿದ್ದು ಅದೇ ಭಾನುವಾರ. ‘ಯಾವಾಗ ಬರೀತೀಯಾ’ ಅಂತ ನೀವು ಡಿಎಂ ಮಾಡಿದ್ದು ಎಲ್ಲಾ ನೋಡಿದೀನಿ. ಬರೆಯೋಕೆ ಕೂತಾಗೆಲ್ಲ ಎರಡು ಪೋಸ್ಟ್ ಬರ್ತಿತ್ತು. ಒಂದು ಹೊಗಳೋದು, ಒಂದು ಬೈಯೋದು. ಎರಡೂ ಸುಳ್ಳಲ್ಲ. ಎರಡನ್ನೂ ಸೇರಿಸಿದ್ರೆ ತೂಕ ಸರಿ ಹೋಗ್ತಿರ್ಲಿಲ್ಲ, ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ ಆಗದ ಟ್ರಯಲ್ ಬ್ಯಾಲೆನ್ಸ್ ಥರ. ಬಿಕಾಂನವರಿಗೆ ಆ ಸಂಕಟ ಗೊತ್ತು. ಈಗ ಎರಡನೇ ಸಲ ನೋಡಿದೀನಿ, ಈ ಸಲ ಕನ್ನಡದಲ್ಲಿ, ನಮ್ಮ ಮನೇಲಿ, ಅಮ್ಮ ಅಜ್ಜಿ ಜೊತೆ. ವ್ಯತ್ಯಾಸ ಎಲ್ಲಿತ್ತು ಅಂತ ಈಗ ಸಿಕ್ಕಿದೆ.

ಉದ್ದ ಇದೆ. ನಾಲ್ಕು ಭಾಗ. ಬಸ್ಸಲ್ಲಿ ಓದ್ಕೊಳಿ.

ಹೊಸ ಫಾಲೋವರ್ಸ್‌ಗೆ ಸ್ವಲ್ಪ ಹಿನ್ನೆಲೆ. ನಾನು ಸೂಪರ್‌ಹೀರೋ ಹುಚ್ಚಿ. ಚಿತ್ರದುರ್ಗ ಜಿಲ್ಲೆಯ ಹಳ್ಳಿಯವಳು. 2019ರಲ್ಲಿ ‘ಎಂಡ್‌ಗೇಮ್’ ಬಂದಾಗ ಎಂಟನೇ ಕ್ಲಾಸ್ ಮುಗಿದ ಬೇಸಿಗೆ ರಜೆ. ಅಣ್ಣನ ಹತ್ರ ಹಟ ಮಾಡಿ ದಾವಣಗೆರೆಗೆ ಹೋಗಿ, ಅರ್ಧಂಬರ್ಧ ಅರ್ಥ ಆಗೋ ಹಿಂದಿಯಲ್ಲಿ ನೋಡ್ಕೊಂಡು ಬಂದೆ. ಕನ್ನಡದಲ್ಲಿ ಇರ್ಲಿಲ್ಲ. ಇರಬೇಕು ಅಂತ ಅನ್ನಿಸಿರಲೂ ಇಲ್ಲ, ಅದು ನೋಡಿ ಬೇಜಾರು. ಐರನ್ ಮ್ಯಾನ್ ಹಿಂದಿಯಲ್ಲಿ ಸಾಯ್ತಾನೆ, ನಾನು ಕನ್ನಡದಲ್ಲಿ ಅಳ್ತೀನಿ, ಅಷ್ಟೇ ಲೋಕನಿಯಮ ಅನ್ಕೊಂಡಿದ್ದೆ. ಕನ್ನಡದಲ್ಲಿ ಮಾತಾಡೋ ಸ್ಪೈಡರ್‌ಮ್ಯಾನ್ ಥಿಯೇಟರಿಗೆ ಬಂದಿದ್ದು 2023ರಲ್ಲಿ, ‘ಅಕ್ರಾಸ್ ದ ಸ್ಪೈಡರ್-ವರ್ಸ್’. ಅಷ್ಟೊತ್ತಿಗೆ ನಾನು ಪಿಯುಸಿ ಮುಗಿಸಿ ಬೆಂಗಳೂರಿನ ಪಿಜಿಯಲ್ಲಿದ್ದೆ, ಸಬ್‌ಟೈಟಲ್ ಓದೋದು ಅಭ್ಯಾಸ ಆಗಿಹೋಗಿತ್ತು.

ಹಾಗಾಗಿ ಬೆಂಗಳೂರಲ್ಲೇ ನಡೆಯೋ, ಹುಡುಗಿಯೊಬ್ಬಳೇ ಮುಖ್ಯ ಆಗಿರೋ ಸೂಪರ್‌ಹೀರೋ ಸಿನಿಮಾ ಬಂದಿದೆ ಅಂದಾಗ ನನಗೆ ಹೇಗಾಗಿರಬೇಡ ಹೇಳಿ. ಪಿಜಿಯ ರೂಮ್‌ಮೇಟ್ ಕಣ್ಣೂರಿನವಳು. ಟಿಕೆಟ್ ಅವಳೇ ಬುಕ್ ಮಾಡಿದ್ಲು. ಮಲಯಾಳಂ ಆಡಿಯೋ, ಇಂಗ್ಲಿಷ್ ಸಬ್‌ಟೈಟಲ್. ನಾನು ಪಾಪ್‌ಕಾರ್ನ್ ಕೊಡ್ಸಿದೆ. ಲೆಕ್ಕ ಹಾಕಿದ್ರೆ ಟಿಕೆಟ್ಟೇ ಅಗ್ಗ ಇತ್ತು.

ಭಾಗ 2

ಈಗ ಹೊಗಳೋ ಭಾಗ. ಇದನ್ನ ಮನಸಾರೆ ಹೊಗಳ್ತೀನಿ, ಮಧ್ಯದಲ್ಲಿ ‘ಆದರೆ’ ಅನ್ನಲ್ಲ.

ಡೊಮಿನಿಕ್ ಅರುಣ್ ನಿರ್ದೇಶನ. ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲಮ್ಸ್ ನಿರ್ಮಾಣ. ಕಲ್ಯಾಣಿ ಪ್ರಿಯದರ್ಶನ್ ಚಂದ್ರ. ಅವಳು ಬೆಂಗಳೂರಿಗೆ ಬರ್ತಾಳೆ, ಒಂದು ಫ್ಲಾಟ್ ಹಿಡೀತಾಳೆ, ಕೆಫೆಯಲ್ಲಿ ರಾತ್ರಿ ಪಾಳಿ ಕೆಲಸ ಮಾಡ್ತಾಳೆ. ಎದುರಿನ ಫ್ಲಾಟಲ್ಲಿ ಸನ್ನಿ ಅಂತ ಒಬ್ಬ ಹುಡುಗ, ನಸ್ಲೆನ್ ಮಾಡಿರೋದು, ಜೊತೆಗೆ ಅವನಷ್ಟೇ ಕೆಲಸ ಇಲ್ಲದ ಗೆಳೆಯರು. ಅವರ ಫ್ಲಾಟ್ ನೋಡಿದ್ರೆ ನಮ್ಮ ಕ್ಲಾಸಿನ ಹುಡುಗರ ರೂಮು ನೆನಪಾಗುತ್ತೆ. ಸನ್ನಿಗೆ ಅವಳ ಮೇಲೆ ಲವ್. ಅವಳು ಯಾರು ಅಂತ ಗೊತ್ತಾದ ಮೇಲೆ ಲವ್ ಜೊತೆಗೆ ಪ್ರಾಣಭಯ.

ಅವಳು ಕಳ್ಳಿಯಂಕಾಟ್ಟು ನೀಲಿ. ಕೇರಳದಲ್ಲಿ ಮಕ್ಕಳನ್ನ ಹೆದರಿಸೋಕೆ ಹೇಳೋ ಯಕ್ಷಿಯ ಹೆಸರದು. ಕೊಟ್ಟಾರತ್ತಿಲ್ ಶಂಕುಣ್ಣಿ ಅನ್ನೋರು ನೂರು ವರ್ಷಕ್ಕೂ ಹಿಂದೆ ಇಂಥ ಕಥೆಗಳನ್ನೆಲ್ಲ ಕೂಡಿಸಿ ‘ಐತಿಹ್ಯಮಾಲ’ ಅಂತ ಪುಸ್ತಕ ಮಾಡಿದ್ರು. ಬಿಳಿ ಸೀರೆ, ಬಿಚ್ಚಿದ ಕೂದಲು, ರಾತ್ರಿ ದಾರಿಯಲ್ಲಿ ನಿಂತು ಹೋಗೋ ಬರೋ ಗಂಡಸರನ್ನ ಕರೆದು ರಕ್ತ ಕುಡಿಯೋದು. ನಮ್ಮಲ್ಲಿ ಮೋಹಿನಿ ಅಂತೀವಲ್ಲ, ಹತ್ತಿರ ಹತ್ತಿರ ಅದೇ. ಸಿನಿಮಾ ಮಾಡಿದ್ದೇನು ಅಂದ್ರೆ, ಆ ಕಥೆನ ತಿರುಗಿಸಿ ಅವಳ ಕಡೆಯಿಂದ ಕೇಳಿದೆ. ಫ್ಲ್ಯಾಶ್‌ಬ್ಯಾಕಲ್ಲಿ ಅವಳು ಕಾಡಿನ ಜನರ ಪುಟ್ಟ ಹುಡುಗಿ. ಅವರಿಗೆ ಪ್ರವೇಶ ಇಲ್ಲದ ದೇವಸ್ಥಾನಕ್ಕೆ ಕಾಲಿಟ್ಟಳು ಅನ್ನೋ ಕಾರಣಕ್ಕೆ ರಾಜನ ಕಡೆಯವರು ಅವಳ ಜನರ ಮೇಲೇ ಬೀಳ್ತಾರೆ. ಅವಳು ಯಕ್ಷಿ ಆಗೋದು ಅಲ್ಲಿಂದ. ಅಂದ್ರೆ ಊರಿನವರು ತಲೆಮಾರುಗಟ್ಟಲೆ ‘ದೆವ್ವ’ ಅಂತ ಕರೆದವಳು ಅಸಲಿಗೆ ಊರು ಕೊಂದು ಮುಗಿಸದೆ ಉಳಿದವಳು.

ಈ ಭಾಗ ಬರುವಾಗ ಥಿಯೇಟರಲ್ಲಿ ಮೊಬೈಲ್ ಬೆಳಕು ಕೂಡ ಕಾಣ್ಲಿಲ್ಲ. ನಾನಂತೂ ಪಾಪ್‌ಕಾರ್ನ್ ಮರ್ತೆ.

ಇನ್ನೊಂದು ವಿಷಯ ಹುಡುಗೀರಿಗೆ ಮಾತ್ರ ಅರ್ಥ ಆಗುತ್ತೆ ಅನ್ಸುತ್ತೆ. ಚಂದ್ರ ರಾತ್ರಿ ಬೀದೀಲಿ ಒಬ್ಬಳೇ ನಡೀತಾಳೆ. ಶಾಟ್ ಅಷ್ಟೇ. ಅವಳು ಹಿಂದೆ ತಿರುಗಿ ನೋಡಲ್ಲ. ಬೆರಳುಗಳ ಮಧ್ಯೆ ಕೀ ಹಿಡ್ಕೊಂಡಿಲ್ಲ. ಫೋನ್ ಕಿವಿಗಿಟ್ಟು ಸುಮ್‌ಸುಮ್ನೆ ‘ಹಾಂ ಅಪ್ಪಾ, ಬಂದೆ ಅಪ್ಪಾ’ ಅಂತ ನಾಟಕ ಮಾಡ್ತಿಲ್ಲ. ನಾನು ಕಟ್ಟಡ ಹಾರೋ ಸೂಪರ್‌ಹೀರೋಗಳನ್ನ ಬೇಕಾದಷ್ಟು ನೋಡಿದೀನಿ. ಬೆಂಗಳೂರಲ್ಲಿ ರಾತ್ರಿ ಹನ್ನೊಂದೂವರೆಗೆ ಭುಜ ಸಡಿಲ ಬಿಟ್ಟು ನಡೆಯೋ ಹುಡುಗಿನ ನೋಡಿದ್ದು ಅದೇ ಮೊದಲು. ಅದೇ ನಿಜವಾದ ಸೂಪರ್‌ಪವರ್ ಕಣ್ರೇ. ಗೋಡೆ ಹತ್ತೋದೆಲ್ಲ ಆಮೇಲೆ.

ಮತ್ತೆ ಸಿನಿಮಾ ಇದನ್ನ ಭಾಷಣ ಮಾಡಲ್ಲ. ‘ಹೆಣ್ಣು ಅಂದ್ರೆ ಶಕ್ತಿ’ ಅಂತ ಯಾರೂ ಕ್ಯಾಮೆರಾ ನೋಡಿ ಹೇಳಲ್ಲ. ‘ಎಂಡ್‌ಗೇಮ್’ನಲ್ಲಿ ಹೀರೋಯಿನ್‌ಗಳೆಲ್ಲ ಸಾಲಾಗಿ ನಿಲ್ಲೋ ಒಂದು ಶಾಟ್ ಇದೆಯಲ್ಲ, ಆಗ ಚಪ್ಪಾಳೆ ಹೊಡೆದಿದ್ದೆ, ಈಗ ನೋಡಿದ್ರೆ ಮಹಿಳಾ ದಿನಾಚರಣೆಯ ಬ್ಯಾನರ್ ಥರ ಕಾಣುತ್ತೆ. ಇಲ್ಲಿ ಹಾಗಿಲ್ಲ. ಸನ್ನಿ ಹೆದರ್ತಾನೆ, ಅವಳ ಹಿಂದೆ ಬಚ್ಚಿಟ್ಕೋತಾನೆ, ಅದು ಅವನಿಗೆ ಅವಮಾನ ಅಂತ ಯಾರಿಗೂ ಅನ್ಸಲ್ಲ.

ದುಡ್ಡಿನ ವಿಷಯ ಹೇಳದೆ ಹೋದ್ರೆ ನನ್ನ ಡಿಗ್ರಿಗೆ ಅವಮಾನ. ಸುಮಾರು 30 ಕೋಟಿ ಬಜೆಟ್. ಪ್ರಪಂಚದಾದ್ಯಂತ ಗಳಿಕೆ 300 ಕೋಟಿ ದಾಟಿತು, ಮಲಯಾಳಂ ಸಿನಿಮಾಗಳಲ್ಲೇ ಮೊದಲನೇ ಸಲ. (ಗ್ರಾಸ್ ಅಂದ್ರೆ ಲಾಭ ಅಲ್ಲ ಕಣ್ರೋ. ಜಿಎಸ್‌ಟಿ ಹೋಗ್ಬೇಕು, ಥಿಯೇಟರಿನವರ ಪಾಲು ಹೋಗ್ಬೇಕು, ಹಂಚಿಕೆದಾರರ ಕಮಿಷನ್ ಹೋಗ್ಬೇಕು. ಕಾಮೆಂಟಲ್ಲಿ 270 ಕೋಟಿ ಲಾಭ ಅಂತ ಬರೆದವನು ನಮ್ಮ ಸೆಕ್ಷನ್‌ನವನೇ, ಹೆಸರು ಹೇಳಲ್ಲ.) ದೊಡ್ಡ ಹೀರೋ ಮುಖ್ಯ ಪಾತ್ರದಲ್ಲಿ ಇಲ್ಲದೆ, ಹುಡುಗಿಯೊಬ್ಬಳ ಮೇಲೆ ನಿಂತ ಸಿನಿಮಾ. ‘ಹೀರೋಯಿನ್ ಓರಿಯೆಂಟೆಡ್ ಓಡಲ್ಲ’ ಅನ್ನೋ ಮಾತಿಗೆ ಇನ್ಮೇಲೆ ಬೇರೆ ನೆಪ ಹುಡುಕ್ಕೋಬೇಕು.

ಭಾಗ 3

ಈಗ ನೀವು ಕಾಯ್ತಿರೋ ಭಾಗ.

ವಿಲನ್ ಒಬ್ಬ ಪೊಲೀಸ್. ಇನ್‌ಸ್ಪೆಕ್ಟರ್ ನಾಚಿಯಪ್ಪ ಗೌಡ. ಡ್ಯಾನ್ಸ್ ಮಾಸ್ಟರ್ ಸ್ಯಾಂಡಿ ಮಾಡಿದಾರೆ, ಮೈ ಜುಮ್ ಅನ್ನೋ ಹಾಗೆ ಮಾಡಿದಾರೆ. ಅವನಿಗೆ ಹೆಂಗಸರನ್ನ ಕಂಡ್ರೆ ಆಗಲ್ಲ. ರಾತ್ರಿ ಹೊರಗಿರೋ ಹುಡುಗೀರನ್ನ ಕಂಡ್ರಂತೂ ಇನ್ನೂ ಆಗಲ್ಲ. ತನ್ನ ಮದುವೆ ವಿಷಯದಲ್ಲಿ ಅವನು ಬೆಂಗಳೂರಿನ ಹುಡುಗೀರ ನಡತೆ ಬಗ್ಗೆ ಒಂದು ಕೊಳಕು ಮಾತಾಡ್ತಾನೆ. ಆ ಮಾತಿಗೇ ಗಲಾಟೆ ಆಗಿದ್ದು.

ನಿಜ ಹೇಳ್ಲಾ? ಥಿಯೇಟರಲ್ಲಿ ಆ ಮಾತು ಬಂದಾಗ ನನಗೆ ಏನೂ ಅನ್ನಿಸಲಿಲ್ಲ. ರೂಮ್‌ಮೇಟ್ ಮಾತ್ರ ಓರೆಗಣ್ಣಲ್ಲಿ ನನ್ನ ಮುಖ ನೋಡಿದ್ಲು. ನನಗೆ ಅನ್ನಿಸದೆ ಇದ್ದಿದ್ದಕ್ಕೆ ಕಾರಣ, ಆ ಮಾತು ಹೊಸದಾಗಿರ್ಲಿಲ್ಲ. ಪಿಜಿ ಸೇರುವಾಗಲೇ ಕೇಳಿದೀನಿ, ಬಸ್ ಸ್ಟ್ಯಾಂಡಲ್ಲಿ ಕೇಳಿದೀನಿ, ಊರಿನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಕೇಳಿದೀನಿ. ‘ಬೆಂಗ್ಳೂರಲ್ಲಿ ಓದಿರೋ ಹುಡುಗಿನಾ? ಬ್ಯಾಡ ಬಿಡು.’ ಅದೇ ಮಾತನ್ನ ಸಿನಿಮಾದಲ್ಲಿ ವಿಲನ್ ಬಾಯಲ್ಲಿ ಇಟ್ಟಿದ್ರು. ಸರಿಯಾದ ಜಾಗದಲ್ಲೇ ಇಟ್ಟಿದಾರೆ ಅನ್ಕೊಂಡೆ.

ವಾರದೊಳಗೆ ಎಲ್ಲಾ ಕಡೆ ಅದೇ ಸುದ್ದಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಮಾಮ ಒಂದು ರೀಲ್ ಫಾರ್ವರ್ಡ್ ಮಾಡಿದ್ರು, ಮೇಲೆ ‘ನಮ್ಮ ಕನ್ನಡದ ಹೆಣ್ಣುಮಕ್ಕಳ ಮರ್ಯಾದೆ’ ಅಂತ ಬರೆದು, ಮೂರು ಬೆಂಕಿ ಇಮೋಜಿ. ನಾನು ಆ ಸಿನಿಮಾ ನೋಡಿ ಬಂದು ಎರಡು ದಿನ ಆಗಿತ್ತು, ಸುಮ್ನಿದ್ದೆ. ನಿರ್ಮಾಣ ಸಂಸ್ಥೆ ಹೇಳಿಕೆ ಕೊಡ್ತು: ಕರ್ನಾಟಕದ ಜನರಿಗೆ ನೋವಾಗಿದ್ರೆ ಕ್ಷಮೆ ಇರಲಿ, ಉದ್ದೇಶ ಅದಾಗಿರ್ಲಿಲ್ಲ, ಆ ಸಂಭಾಷಣೆ ತೆಗೀತೀವಿ ಇಲ್ಲಾ ಬದಲಾಯಿಸ್ತೀವಿ ಅಂತ. ಅಲ್ಲಿಗೆ ಎಲ್ಲರಿಗೂ ಸಮಾಧಾನ. ಗೆದ್ವಿ ಅಂತ ಸ್ಟೋರಿ ಹಾಕ್ಕೊಂಡ್ರು.

ಏನು ಗೆದ್ವಿ ಅಂತ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ.

ನಮ್ಮೂರ ಬಯಲಾಟದಲ್ಲಿ ದುಶ್ಶಾಸನ ಬಂದು ದ್ರೌಪದಿಗೆ ಬಾಯಿಗೆ ಬಂದ ಹಾಗೆ ಮಾತಾಡ್ತಾನೆ. ಯಾರೂ ಎದ್ದು ‘ಆಟ ನಿಲ್ಲಿಸಿ, ನಮ್ಮ ಹೆಣ್ಣುಮಕ್ಕಳಿಗೆ ಅವಮಾನ’ ಅನ್ನಲ್ಲ. ಅವನು ಅಷ್ಟು ಮಾತಾಡಿದ್ರೇನೆ ಭೀಮ ಬಂದಾಗ ಅಜ್ಜಂದಿರೂ ಶಿಳ್ಳೆ ಹೊಡೆಯೋದು. ವಿಲನ್ ಬಾಯಿ ತೊಳೆದು ಕೂರಿಸಿದ್ರೆ ಹೀರೋಯಿನ್ ಹೊಡೆಯೋದು ಯಾರನ್ನ? ಈ ಗೌಡ ಆ ಮಾತಾಡಿದ್ದಕ್ಕೇ ಅಲ್ವಾ ಚಂದ್ರ ಅವನಿಗೆ ಎದುರು ನಿಂತಾಗ ನನಗೆ ಅಷ್ಟು ಖುಷಿ ಆಗಿದ್ದು?

ಹಾಗಾದ್ರೆ ಗಲಾಟೆ ಮಾಡಿದವರದ್ದೆಲ್ಲ ತಪ್ಪು ಅಂತ ಹೇಳ್ತಿದೀಯಾ ಅಂತ ಕೇಳ್ತೀರಿ. ಇಲ್ಲ. ನೋವು ನಿಜ, ಬೆರಳು ತೋರಿಸಿದ ಜಾಗ ತಪ್ಪು. ನನಗೂ ಚುಚ್ಚಿದೆ. ಚುಚ್ಚಿದ್ದು ಬೇರೆ ಕಡೆ.

ಇಡೀ ಸಿನಿಮಾ ನಡೆಯೋದು ಬೆಂಗಳೂರಲ್ಲಿ. ಚಂದ್ರ, ಸನ್ನಿ, ಅವನ ಗೆಳೆಯರು, ಅವಳಿಗೆ ಸಹಾಯ ಮಾಡೋರು, ಎಲ್ಲಾ ಮಲಯಾಳಿಗಳು. ಹಿನ್ನೆಲೆಯಲ್ಲಿ ಅಲ್ಲಲ್ಲಿ ಕನ್ನಡ ಕೇಳುತ್ತೆ, ಬೋರ್ಡ್ ಕಾಣುತ್ತೆ. ಆದ್ರೆ ಮನೆಗೆ ಬಂದ ಮೇಲೆ ಹೆಸರಿಟ್ಟು ನೆನಪಿಸಿಕೊಳ್ಳೋ ಒಬ್ಬ ಕನ್ನಡದ ಗೆಳತಿ, ಒಬ್ಬ ಅಂಗಡಿ ಅಂಕಲ್, ಒಬ್ಬ ಮನೆ ಓನರ್ ಆಂಟಿ ನನಗೆ ಸಿಗ್ಲಿಲ್ಲ. ನೆನಪಲ್ಲಿ ಉಳಿದ ಊರ ಹೆಸರು ಒಂದೇ, ಗೌಡ. ಅವನು ವಿಲನ್. ಜೊತೆಗೆ ಅಂಗಾಂಗ ಕದಿಯೋ ಗ್ಯಾಂಗು, ಪಾರ್ಟಿ, ನಶೆ. ನೀವು ಒಂದು ಊರಲ್ಲಿ ಮೂರು ವರ್ಷ ಇದ್ದು, ಆ ಊರಿನವರಲ್ಲಿ ನೀವು ಮಾತಾಡಿಸಿದ್ದು ಒಬ್ಬ ಕೆಟ್ಟ ಪೊಲೀಸ್‌ನ ಮಾತ್ರ ಅಂದ್ರೆ, ಅದು ಊರಿನ ತಪ್ಪಾ ನಿಮ್ಮ ತಪ್ಪಾ?

ಇದನ್ನ ರೂಮ್‌ಮೇಟ್‌ಗೆ ಹೇಳ್ದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಆದ್ರೆ ನಾನು ಬಂದು ಮೊದಲ ವರ್ಷ ಹಾಗೇ ಇದ್ದೆ ಕಣೇ’ ಅಂದ್ಲು. ಮಲಯಾಳಿ ಸೀನಿಯರ್ಸ್, ಮಲಯಾಳಿ ಮೆಸ್, ಮಲಯಾಳಿ ಬೇಕರಿ, ಊರಿಗೆ ಹೋಗೋ ಬಸ್ ಕೂಡ ಅವರದ್ದೇ. ಕನ್ನಡದವರು ಅಂತ ಸಿಕ್ಕಿದ್ದು ಆಟೋದವರು, ಪಿಜಿ ಓನರ್, ಒಂದ್ಸಲ ಪೊಲೀಸ್. ಮೂವರೂ ದುಡ್ಡು ಕೇಳಿದ್ರಂತೆ. ಇಬ್ಬರೂ ನಕ್ವಿ. ಅಂದ್ರೆ ಸಿನಿಮಾ ಸುಳ್ಳು ಹೇಳಿಲ್ಲ, ಒಂದು ಗುಳ್ಳೆಯೊಳಗಿನಿಂದ ಕಂಡಷ್ಟು ಬೆಂಗಳೂರನ್ನ ತೋರಿಸಿದೆ. 2014ರ ‘ಬ್ಯಾಂಗಲೋರ್ ಡೇಸ್’ ಕೂಡ ಹಾಗೇ ಇತ್ತು. 2024ರ ‘ಆವೇಶಂ’ ಸ್ವಲ್ಪ ವಾಸಿ. ಅದರ ರಂಗ ಕನ್ನಡ ಮಲಯಾಳಂ ಕಲಸಿ ಮಾತಾಡ್ತಾನೆ, ರೌಡಿಯಾದ್ರೂ ಈ ಊರಿನ ಮಣ್ಣು ಮೆತ್ತಿಕೊಂಡಿದಾನೆ, ಅದಕ್ಕೇ ಅವನು ನಮಗೂ ಇಷ್ಟ ಆಗಿದ್ದು.

ತಮಾಷೆ ಏನು ಗೊತ್ತಾ? ಇದೇ ವೇಫೇರರ್ ಫಿಲಮ್ಸ್ ನಮ್ಮ ‘ಸು ಫ್ರಮ್ ಸೋ’ ಸಿನಿಮಾನ ಆಗಸ್ಟಲ್ಲಿ ಕೇರಳದ ಥಿಯೇಟರುಗಳಿಗೆ ತಗೊಂಡು ಹೋಗಿದ್ದು. ಅದೂ ಒಂದು ದೆವ್ವದ ಕಥೆನೇ, ಕರಾವಳಿಯ ಒಂದು ಊರಿನದ್ದು. ಕನ್ನಡ ಸಿನಿಮಾನ ಕೈಹಿಡಿದು ಕರ್ಕೊಂಡು ಹೋದವರು ಸ್ವಲ್ಪ ದಿನಕ್ಕೇ ಬೈಗುಳ ತಿಂದ್ರು. ಹಾಗಂತ ನನ್ನ ದೂರು ವಾಪಸ್ ತಗೊಳಲ್ಲ. ಆದ್ರೆ ‘ಅವರಿಗೆ ಕನ್ನಡ ಕಂಡ್ರೆ ಆಗಲ್ಲ’ ಅಂತ ಒಂದೇ ಸಾಲಲ್ಲಿ ಮುಗಿಸೋರ ಜೊತೆ ನಾನಿಲ್ಲ.

ಅವರನ್ನ ಕೇಳೋ ಮೊದಲು ನಮ್ಮನ್ನೇ ಒಂದು ಪ್ರಶ್ನೆ ಕೇಳ್ಕೋಬೇಕು. ಬೆಂಗಳೂರಿನ ರಾತ್ರಿ ಬಗ್ಗೆ ನಮ್ಮ ಕಥೆ ಎಲ್ಲಿ? ‘ನಾಳೆ ಬಾ’ ಗೊತ್ತಲ್ಲ. 90ರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಜನ ಗೋಡೆ ಮೇಲೆ, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ರು. ಪಾಪ ಆ ದೆವ್ವಕ್ಕೆ ಕನ್ನಡ ಓದೋಕೆ ಬರ್ತಿತ್ತು, ಅದಕ್ಕೇ ವಾಪಸ್ ಹೋಗ್ತಿತ್ತು. ನಮ್ಮ ಅಮ್ಮನೇ ಚಿಕ್ಕವಳಿದ್ದಾಗ ಸೀಮೆಸುಣ್ಣದಲ್ಲಿ ಬರೆದಿದ್ಲಂತೆ. ಆ ಕಥೆ ಕೊನೆಗೆ ಎಲ್ಲಿ ಸೇರ್ತು? 2018ರಲ್ಲಿ ಮಧ್ಯಪ್ರದೇಶದ ಚಂದೇರಿಗೆ ಹೋಗಿ ಹಿಂದಿಯಲ್ಲಿ ‘ಸ್ತ್ರೀ’ ಆಯ್ತು. ಆಮೇಲೆ ‘ಸ್ತ್ರೀ 2’ ಬಂದು ಕೋಟಿ ಕೋಟಿ ಮಾಡ್ತು. ನಮ್ಮ ಬಾಗಿಲು ತಟ್ಟಿದ ದೆವ್ವಕ್ಕೆ ನಾವು ‘ನಾಳೆ ಬಾ’ ಅಂದ್ವಿ, ಅವರು ‘ಇವತ್ತೇ ಬಾ’ ಅಂದ್ರು.

ಇನ್ನೊಂದು, ನಮ್ಮೂರಿನದ್ದೇ. ಚಿತ್ರದುರ್ಗದ ಕೋಟೆಗೆ ಸ್ಕೂಲ್ ಟ್ರಿಪ್ ಹೋಗದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ. ಓಬವ್ವನ ಕಿಂಡಿ ಹತ್ರ ನಿಂತು ಫೋಟೋ ತೆಗೆಸ್ಕೊಂಡೇ ಇರ್ತೀವಿ. ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಬಂದಾಗ ನೀರು ತರೋಕೆ ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳೋದು ನೋಡಿ ಒನಕೆ ಎತ್ತಿಕೊಂಡವಳು. ಕೇಪ್ ಇಲ್ಲ, ಸೂಟ್ ಇಲ್ಲ, ಭತ್ತ ಕುಟ್ಟೋ ಒನಕೆ. ಕೋಟೆಯ ಯಜಮಾನರ ಮನೆಯವಳೂ ಅಲ್ಲ, ಛಲವಾದಿ ಹೆಣ್ಣುಮಗಳು. ಅವಳ ಹೆಸರಲ್ಲಿ ನವೆಂಬರ್ 11ಕ್ಕೆ ಸರ್ಕಾರ ಜಯಂತಿ ಮಾಡುತ್ತೆ, ಹೂವಿನ ಹಾರ ಹಾಕುತ್ತೆ. ಸಿನಿಮಾ ಅಂದ್ರೆ ಇವತ್ತಿಗೂ ಎಲ್ಲರಿಗೂ ನೆನಪಾಗೋದು 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಅಮ್ಮ ಮಾಡಿದ ಒಂದು ಹಾಡಿನಷ್ಟು ಹೊತ್ತು. ಕೇರಳದವರು ತಮ್ಮ ಯಕ್ಷಿಗೆ ಕೆಫೆಯಲ್ಲಿ ಕೆಲಸ ಕೊಡಿಸಿದ್ರು, ಫ್ಲಾಟ್ ಕೊಡಿಸಿದ್ರು. ನಾವು ನಮ್ಮ ಓಬವ್ವನ್ನ ಸರ್ಕಲ್‌ನಲ್ಲಿ ನಿಲ್ಲಿಸಿದೀವಿ.

‘ಕಾಂತಾರ’ ಇದೆಯಲ್ಲ ಅಂತ ಬರೀಬೇಡಿ, ನನಗೂ ಇಷ್ಟ. ಆದ್ರೆ ಅದರಲ್ಲಿ ದೈವ ಮೈಮೇಲೆ ಬರೋದು ಯಾರ ಮೇಲೆ ಅಂತ ಒಂದ್ಸಲ ನೋಡಿ.

ಭಾಗ 4

ಇಷ್ಟರಲ್ಲೇ ಮುಗಿಸ್ತಿದ್ದೆ. ಆದ್ರೆ ನವೆಂಬರ್ 1 ಬಂತು.

ಸಿನಿಮಾ ಅಕ್ಟೋಬರ್ 31ಕ್ಕೆ ಓಟಿಟಿಗೆ ಬಂತು, ಕನ್ನಡದಲ್ಲೂ. ಮಾರನೇ ದಿನ ರಾಜ್ಯೋತ್ಸವ, ಶನಿವಾರ, ನಾನು ಊರಿಗೆ ಹೋಗಿದ್ದೆ. ಬೆಳಿಗ್ಗೆ ಸ್ಕೂಲ್ ಹತ್ರ ಬಾವುಟ, ಮಧ್ಯಾಹ್ನ ಹೋಳಿಗೆ, ಸಂಜೆ ಅಣ್ಣನ ಫೋನನ್ನ ಟಿವಿಗೆ ಹಾಕಿ ಲೋಕಾ. ರಾಜ್ಯೋತ್ಸವದ ದಿನ ಮಲಯಾಳಂ ಸಿನಿಮಾ ಕನ್ನಡದಲ್ಲಿ ನೋಡೋದು ಪುಣ್ಯವೋ ಪಾಪವೋ ಗೊತ್ತಿಲ್ಲ. ಡಬ್ಬಿಂಗ್ ಆಗಿದ್ದಕ್ಕೆ ಬೆಂಗಳೂರಿನಲ್ಲಿ ಎಲ್ಲರೂ ಕನ್ನಡ ಮಾತಾಡಿದ್ರು. ಫ್ಲಾಟಲ್ಲಿ ಕನ್ನಡ, ಕೆಫೆಯಲ್ಲಿ ಕನ್ನಡ, ಗ್ಯಾಂಗಿನವರೂ ಕನ್ನಡ. ನಿಜವಾದ ಫ್ಯಾಂಟಸಿ ಸಿನಿಮಾ ಅಂದ್ರೆ ಇದು.

(ನಗು ಬಿಟ್ಟು ಹೇಳ್ತೀನಿ. ನಮ್ಮ ಬಿಸಿನೆಸ್ ಲಾ ಪೇಪರಲ್ಲಿ ಕಾಂಪಿಟಿಷನ್ ಆಕ್ಟ್ ಬರುತ್ತಲ್ಲ, 2015ರಲ್ಲಿ ಸ್ಪರ್ಧಾ ಆಯೋಗ ಕನ್ನಡದ ಡಬ್ಬಿಂಗ್ ತಡೆ ವಿಷಯದಲ್ಲೇ ಚಿತ್ರರಂಗದ ಸಂಘಗಳ ವಿರುದ್ಧ ಆದೇಶ ಮಾಡಿತ್ತು. ಅದಕ್ಕೂ ಮುಂಚೆ ಎಷ್ಟೋ ವರ್ಷ ಭಾಷೆ ಉಳಿಸ್ತೀವಿ ಅಂತ ಡಬ್ಬಿಂಗ್ ಬೇಡ ಅಂದ್ವಿ, ನಮ್ಮ ಮಕ್ಕಳು ಸೂಪರ್‌ಹೀರೋಗಳನ್ನ ಹಿಂದಿಯಲ್ಲಿ ಕಲಿತ್ರು. ನಾನೇ ಸಾಕ್ಷಿ.)

ಅಜ್ಜಿಗೆ ಫ್ಲ್ಯಾಶ್‌ಬ್ಯಾಕ್ ಪೂರ್ತಿ ಅರ್ಥ ಆಯ್ತು, ಫ್ಲಾಟಿನ ಹುಡುಗರು ಅರ್ಥ ಆಗ್ಲಿಲ್ಲ. ‘ಇವ್ರು ಮೂರ್ ಜನ ಕೆಲ್ಸಕ್ಕೆ ಯಾವಾಗ ಹೋಗ್ತಾರವ್ವ?’ ಅಂತ ಕೇಳ್ತಾನೇ ಇದ್ರು. ಅಮ್ಮ ಒಂದೇ ಒಂದು ಪ್ರಶ್ನೆ ಕೇಳಿದ್ಲು, ಚಂದ್ರ ಪಾಳಿ ಮುಗಿಸಿ ಬರೋ ಸೀನಲ್ಲಿ. ‘ಇವ್ಳಿಗೆ ಹೆದ್ರಿಕೆನೇ ಇಲ್ವಾ?’ ನಾನು ಅಂದೆ, ‘ಯಕ್ಷಿ ಅಲ್ವೇನಮ್ಮ ಅವ್ಳು.’ ಅಮ್ಮ ಅಂದ್ಲು, ‘ಅಂದ್ರೆ ಹೆದ್ರಿಕೆ ಇಲ್ದೆ ಇರ್ಬೇಕು ಅಂದ್ರೆ ಸತ್ತಿರ್ಬೇಕು.’

ಈ ಒಂದು ಸಾಲು ಯಾವ ರಿವ್ಯೂನಲ್ಲೂ ಓದಿಲ್ಲ ನಾನು.

ಈಗ ಇಷ್ಟೆಲ್ಲ ಬರೆಯೋಕೆ ಕಾರಣ ಆದ ವಿಷಯ. ಕ್ಲಾಸಿನವರಿಗೆ ಗೊತ್ತು, ಅಕ್ಟೋಬರಲ್ಲಿ ಒಂದು ಕಂಪನಿ ಕ್ಯಾಂಪಸ್‌ಗೆ ಬಂದಿತ್ತು. ನನಗೆ ಆಫರ್ ಆಗಿದೆ. ಅಕೌಂಟ್ಸ್ ಕೆಲಸ, ಅಮೆರಿಕದ ಕ್ಲೈಂಟ್, ಸಂಜೆ ಐದೂವರೆಯಿಂದ ರಾತ್ರಿ ಎರಡೂವರೆ. ಸಂಬಳ ನಮ್ಮಪ್ಪನ ಒಂದು ವರ್ಷದ ಅಡಿಕೆ ಲೆಕ್ಕಕ್ಕೆ ಹತ್ತಿರ ಬರುತ್ತೆ. ಒಪ್ಪಿಗೆ ಫಾರಂಗೆ ಮನೆಯವರ ಸಹಿ ಬೇಕು. ಹುಡುಗರಿಗೂ ಅದೇ ಫಾರಂ ಕೊಟ್ಟಿದಾರೆ. ಅವರು ಸಹಿ ತಾವೇ ಮಾಡ್ಕೊಂಡು ಅವತ್ತೇ ವಾಪಸ್ ಕೊಟ್ರು. ಅದು ಬೇರೆ ಮಾತು.

ಸಿನಿಮಾ ಮುಗಿದ ಮೇಲೆ ಫಾರಂ ತೆಗೆದೆ. ಹಬ್ಬಕ್ಕೆ ಅಂತ ಮಾಮನೂ ಬಂದಿದ್ರು. ಅಪ್ಪ ಇಂಥ ವಿಷಯ ಬಂದ್ರೆ ಮೊದಲು ಮಾಮನ ಮುಖ ನೋಡ್ತಾರೆ. ಮಾಮ ಫಾರಂ ಓದಿದ್ರು, ಕನ್ನಡಕ ತೆಗೆದ್ರು, ಪ್ರೀತಿಯಿಂದಾನೇ ಹೇಳಿದ್ರು, ‘ಪುಟ್ಟಿ, ನಿನ್ ಮೇಲೆ ನಮಗೆ ನಂಬಿಕೆ ಐತೆ. ಆದ್ರೆ ಬೆಂಗ್ಳೂರಲ್ಲಿ ರಾತ್ರಿ ಕೆಲ್ಸಕ್ಕೆ ಹೋಗೋ ಹುಡುಗೀರ ಬಗ್ಗೆ ಜನ ಏನಂತಾರೆ ನಿಂಗ್ ಗೊತ್ತಿಲ್ವಾ? ನಾಳೆ ಗಂಡು ನೋಡುವಾಗ ಏನ್ ಹೇಳೋದು?’

ನಾನು ಟಿವಿ ಕಡೆ ನೋಡಿದೆ. ಕ್ರೆಡಿಟ್ಸ್ ಇನ್ನೂ ಓಡ್ತಿತ್ತು.

ಇದೇ ಮಾಮ ಮೂರು ಬೆಂಕಿ ಇಮೋಜಿ ಹಾಕಿದ್ದು. ಗೌಡನ ಮಾತು ಕೇಳಿ ರಕ್ತ ಕುದೀತು ಅವರಿಗೆ, ನಿಜವಾಗ್ಲೂ ಕುದೀತು. ಮಾಮ ಕೆಟ್ಟವರಲ್ಲ. ನನಗೆ ಮೊದಲನೇ ಸೆಮಿಸ್ಟರ್ ಫೀಸು ಕಟ್ಟಿದ್ದು ಅವರೇ. ಆದ್ರೆ ಅವರಿಗೆ ಆ ಮಾತು ಬೇರೆ ರಾಜ್ಯದವರ ಬಾಯಲ್ಲಿ ಬಂದ್ರೆ ಅವಮಾನ, ಮನೇಲಿ ಬಂದ್ರೆ ಕಾಳಜಿ. ಪಿಚ್ಚರ್‌ನಿಂದ ಸಂಭಾಷಣೆ ತೆಗೆಸೋಕೆ ಒಂದು ವಾರ ಸಾಕಾಯ್ತು. ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನ ಆಗ ‘ನಮ್ಮ ಹುಡುಗೀರಿಗಾಗಿ’ ಅಂತ ಸ್ಟೋರಿ ಹಾಕಿದ್ರಿ. ಅದೇ ಅಕೌಂಟಿಂದ ನಮ್ಮ ಜೂನಿಯರ್ ಹುಡುಗಿ ಚರ್ಚ್ ಸ್ಟ್ರೀಟಲ್ಲಿ ರಾತ್ರಿ ಮಾಡಿದ ರೀಲ್ ಕೆಳಗೆ ‘ಇಷ್ಟೊತ್ತಲ್ಲಿ ಏನ್ ಕೆಲ್ಸ’ ಅಂತ ಬರೆದಿರೋದೂ ಇದೆ. ಸ್ಕ್ರೀನ್‌ಶಾಟ್ ಇದೆ, ಹಾಕಲ್ಲ. ನಾಚಿಯಪ್ಪ ಗೌಡನ ಪಾತ್ರ ಬರೆದವರು ಕೇರಳದವರಿರಬಹುದು. ಡೈಲಾಗ್ ಮಾತ್ರ ನಾವೇ ಕೊಟ್ಟಿದ್ದು.

ಮಾಮನಿಗೆ ಇದೆಲ್ಲ ಹೇಳಿದ್ನಾ? ಇಲ್ಲ. ಇನ್‌ಸ್ಟಾಗ್ರಾಮಲ್ಲಿ ಬಾಯಿ ಜೋರು, ಮನೇಲಿ ‘ಹೂಂ ಮಾಮ’ ಅಂದೆ. ಫಾರಂ ಮಡಿಸಿ ಫ್ರಿಜ್ ಮೇಲಿಟ್ಟೆ.

ಅಮ್ಮ ಮಾತ್ರ ರಾತ್ರಿ ಪಾತ್ರೆ ತೊಳೆಯುವಾಗ ಮಾತು ತೆಗೆದ್ಲು. ಜನ ಏನಂತಾರೆ ಅನ್ನೋದು ಅವಳ ಚಿಂತೆ ಅಲ್ಲ. ನಾನು ಹುಟ್ಟಿದ ವರ್ಷ, 2005ರಲ್ಲಿ, ಬೆಂಗಳೂರಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಹುಡುಗಿಯೊಬ್ಬಳನ್ನ ಕ್ಯಾಬ್ ಡ್ರೈವರೇ ಕೊಂದಿದ್ದ. ಅಮ್ಮ ಆಗ ನನ್ನನ್ನ ಮಡಿಲಲ್ಲಿ ಇಟ್ಕೊಂಡು ಆ ಸುದ್ದಿ ನೋಡಿದ್ಲಂತೆ. ಇಪ್ಪತ್ತು ವರ್ಷ ಆದ್ರೂ ಮರೆತಿಲ್ಲ. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಮಾಮನ ಮಾತಿಗೆ ಸಿಟ್ಟು ಬರುತ್ತೆ, ಅಮ್ಮನ ಭಯಕ್ಕೆ ಸಿಟ್ಟು ಮಾಡ್ಕೊಳೋಕೆ ಆಗಲ್ಲ. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಕಂಪನಿಯೇ ಗಾಡಿ ಕೊಡಬೇಕು ಅಂತ ನಿಯಮ ಇದೆ ಅಂದೆ. ‘ನಿಯಮ ಇರ್ಲಿ, ಗಾಡಿ ಬರುತ್ತಾ ಹೇಳು’ ಅಂದ್ಲು.

ಹಾಗಾಗಿ ಈ ಸಲ ಕಾಮೆಂಟಲ್ಲಿ ‘ಚಾಪ್ಟರ್ 2ಗೆ ಟೊವಿನೋ ಬರ್ತಿದಾನೆ ಅಕ್ಕಾ’ ಅಂತ ಬರೀಬೇಡಿ, ಗೊತ್ತು, ಮೊದಲನೇ ದಿನಾನೇ ಹೋಗ್ತೀನಿ. ನೈಟ್ ಶಿಫ್ಟ್ ಮಾಡ್ತಿರೋ ಸೀನಿಯರ್ ಅಕ್ಕಂದಿರು ಯಾರಾದ್ರೂ ಇದನ್ನ ಓದ್ತಿದ್ರೆ ಡಿಎಂ ಮಾಡಿ. ಅಮ್ಮನದ್ದು ಮೂರು ಪ್ರಶ್ನೆ ಇದೆ. ಕ್ಯಾಬಲ್ಲಿ ಸೆಕ್ಯುರಿಟಿಯವರು ಇರ್ತಾರಾ, ಕೊನೆಗೆ ಇಳಿಯೋದು ಹುಡುಗಿನೇ ಆದ್ರೆ ಏನು ಮಾಡ್ತಾರೆ, ರಾತ್ರಿ ಊಟ ಬಿಸಿ ಇರುತ್ತಾ. ಫಾರಂ ಕೊಡೋಕೆ ಈ ಶುಕ್ರವಾರ ಕೊನೇ ದಿನ.